ಟರ್ಮಿನಲ್‌ನಲ್ಲಿ ಓಡಿದ್ದು ಕೀಲಿಯಲ್ಲಿ ಏಕೆ ಓಡದು?

ನಮ್ಮ ಬೆಳಗೋಡು ಹೋಬಳಿಯ ಕಾಫಿ ತೋಟಗಳಲ್ಲಿ ಬೆಳಿಗ್ಗೆ 8.30ರ ಸುಮಾರಿಗೆ ನಡೆಯುವ ಕೆಲಸ ಒಂದುಂಟು. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಹುಯ್ದು, ಇಂಚು ಸೆಂಟ್ಸಿನ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವುದು. ಇಂಚಿಗೆ 100 ಸೆಂಟ್ಸು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ಒಬ್ಬರನ್ನೊಬ್ಬರು ಕೇಳುವುದು ಮಾತ್ರ ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯ್ತು’ ಎಂದೇ. ಮಾರ್ಚ್, ಏಪ್ರಿಲಿನ ಹೂಮಳೆ ಇಂಚು ದಾಟಿತೋ, 40 ಸೆಂಟ್ಸಿಗೇ ನಿಂತಿತೋ ಎಂದು ನೋಡಿಕೊಂಡು ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಓಡಿಸುವ ತೀರ್ಮಾನ ಮಾಡುತ್ತಾರೆ. ಹಾಗಾಗಿ ಈ ಪುಸ್ತಕದ ಒಂದೊಂದು ಸಾಲಿಗೂ ಬೆಲೆಯಿದೆ.

ಈಗ ಆ ಪುಸ್ತಕ ಹಲವು ಮನೆಗಳಲ್ಲಿ ಕಂಪ್ಯೂಟರಿಗೆ ಬಂದಿದೆ. ಚೆಕ್‌ರೋಲು, ಗೊಬ್ಬರದ ಲೆಕ್ಕ, ಮೆಣಸು ಮಾರಿದ ಚೀಟಿ ಎಲ್ಲದರ ಜೊತೆ ಮಳೆಯೂ ಅಲ್ಲಿ ಸೇರಿದೆ. ಕಂಪ್ಯೂಟರು ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಒಗ್ಗದ ಯಂತ್ರಗಳನ್ನು ಗುಜರಿಗೆ ಕೊಡುವ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಒಳ್ಳೆಯ ದಾರಿ, ಅದನ್ನು ಹಿಡಿದವರೂ ಇದ್ದಾರೆ. ಇಂದಿನ ನನ್ನ ಮಾತು ಹಾಗೆ ಲಿನಕ್ಸ್ ಹಿಡಿದವರಿಗೆ ಮೊದಮೊದಲು ಎದುರಾಗುವ ಒಂದು ತೊಡಕಿನ ಬಗ್ಗೆ.

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಯಾವ ಕೀಲಿಗೆ ಬೇಕಾದರೂ ನಮ್ಮದೇ ಕೆಲಸ ಒಪ್ಪಿಸಬಹುದು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್ ತೆರೆದು, ಕೀಬೋರ್ಡ್ ಎಂಬಲ್ಲಿಗೆ ಹೋಗಿ, ಶಾರ್ಟ್‌ಕಟ್‌ಗಳ ಪಟ್ಟಿಯ ತಳದಲ್ಲಿರುವ ಕಸ್ಟಮ್ ಶಾರ್ಟ್‌ಕಟ್ಸ್ ಒತ್ತಿದರೆ ಮೂರು ಖಾನೆ ಕಾಣುತ್ತವೆ: ಹೆಸರು, ಕಮಾಂಡು, ಕೀಲಿ. ಸೂಪರ್, ಅಂದರೆ ವಿಂಡೋಸ್ ಗುರುತಿನ ಕೀಲಿ, ಮತ್ತು ಎಫ್9 ಒಟ್ಟಿಗೆ ಒತ್ತಿದರೆ ಒಂದು ಪುಟ್ಟ ಪೆಟ್ಟಿಗೆ ಎದ್ದು ‘ಇಂದಿನ ಮಳೆ ಎಷ್ಟು’ ಎಂದು ಕೇಳಬೇಕು, ಅಂಕಿ ಹೊಡೆದರೆ ತಾರೀಖಿನೊಡನೆ ಕಡತಕ್ಕೆ ಹೋಗಿ ಕೂರಬೇಕು. ಇದು ಆಗುವ ಕೆಲಸವೇ. ಕಣ್ಣು ಮಂಜಾದ ಹಿರಿಯರಿಗೂ, ಮೌಸ್ ಹಿಡಿಯಲು ಕೈ ಬಾರದವರಿಗೂ ಇದರಿಂದ ಆಗುವ ಉಪಕಾರ ದೊಡ್ಡದು.

ತೊಡಕು ಬರುವುದು ಇಲ್ಲಿ. ಕಮಾಂಡನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡು ಬರೆದು ಓಡಿಸುವ ಕಿಟಕಿಯಲ್ಲಿ, ಹೊಡೆದು ನೋಡಿದಾಗ ಚೆನ್ನಾಗಿ ಓಡಿರುತ್ತದೆ. ಅದನ್ನೇ ಅಕ್ಷರ ಬದಲಿಸದೆ ಶಾರ್ಟ್‌ಕಟ್ಟಿನ ಖಾನೆಗೆ ಹಾಕಿ ಕೀಲಿ ಒತ್ತಿದರೆ ಏನೂ ಆಗುವುದಿಲ್ಲ. ತಪ್ಪಾಗಿದೆ ಎಂಬ ಸಂದೇಶವೂ ಬಹುಮಟ್ಟಿಗೆ ತೆರೆಯ ಮೇಲೆ ಬರುವುದಿಲ್ಲ. ಆಗ ಹೆಚ್ಚಿನವರು ಕೀಲಿ ಬದಲಿಸುತ್ತಾರೆ, ಯಂತ್ರವನ್ನು ಆರಿಸಿ ಹೊತ್ತಿಸುತ್ತಾರೆ, ಕೊನೆಗೆ ಲಿನಕ್ಸ್ ನಮಗಲ್ಲ ಎಂದುಬಿಡುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟು: ಇದು ಊಹೆಯಿಂದ ಬಗೆಹರಿಯುವ ಸಮಸ್ಯೆಯಲ್ಲ. ಕೀಲಿ ಒತ್ತಿದ ಬೆರಳಿನಿಂದ ಕಡತದವರೆಗೆ ಆ ಆಜ್ಞೆ ಹಲವು ಕೈ ದಾಟುತ್ತದೆ. ಎಲ್ಲಿ ನಿಂತಿತು ಎಂದು ಹುಡುಕಿದರೆ ಕಾರಣ ತಾನಾಗಿ ಸಿಗುತ್ತದೆ. ಬೆಳಗೋಡಿನಂಥ ಊರಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಕಾಡಾನೆ ತಿರುಗುವ ದಾರಿಯಲ್ಲಿ ಕತ್ತಲಾದ ಮೇಲೆ ಸಕಲೇಶಪುರದ ಅಂಗಡಿಗೆ ಲ್ಯಾಪ್‌ಟಾಪ್ ಹಿಡಿದು ಹೋಗುವುದಕ್ಕಾಗುವುದಿಲ್ಲ.

ಮೊದಲು ಸಮಸ್ಯೆಯನ್ನು ಎರಡು ಪಾಲು ಮಾಡಿ. ಅದೇ ಕೀಲಿಗೆ ನಿಮ್ಮ ಕಮಾಂಡಿನ ಬದಲು ಗ್ನೋಮ್ ಹೈಫನ್ ಕ್ಯಾಲ್ಕುಲೇಟರ್ ಎಂದು ಕೊಟ್ಟು ಒತ್ತಿ ನೋಡಿ. ಕ್ಯಾಲ್ಕುಲೇಟರ್ ತೆರೆದುಕೊಂಡರೆ ಕೀಲಿ ಸರಿಯಿದೆ, ದೋಷವನ್ನು ಕಮಾಂಡಿನಲ್ಲಿ ಹುಡುಕಬೇಕು. ತೆರೆಯದಿದ್ದರೆ ಕಮಾಂಡನ್ನು ಮುಟ್ಟಲೇಬೇಡಿ, ದೋಷ ಕೀಲಿಯ ಕಡೆಗಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಅಲೆದಾಟ ತಪ್ಪುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಸಲ ಕ್ಯಾಲ್ಕುಲೇಟರ್ ತೆರೆಯುತ್ತದೆ, ಅಂದರೆ ಕಮಾಂಡೇ ಕಾರಣವಾಗಿರುತ್ತದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಡೇಟ್ ಎಂಬ ಕಮಾಂಡು ಇವತ್ತಿನ ತಾರೀಖು ಕೊಡುತ್ತದೆ. ಅದರ ಮುಂದೆ ಬಾಣದಂಥ ಎರಡು ಗುರುತು, ಗ್ರೇಟರ್ ದ್ಯಾನ್ ಚಿಹ್ನೆಗಳು. ಆಮೇಲೆ ಟಿಲ್ಡೆ, ಅಂದರೆ ಅಲೆಯಂಥ ಗೆರೆ, ಒಂದು ಓರೆಗೆರೆ, ಮಳೆ ಎಂಬ ಕಡತದ ಹೆಸರು. ಟರ್ಮಿನಲ್‌ನಲ್ಲಿ ಇದನ್ನು ಹೊಡೆದರೆ ನಿಮ್ಮ ಮನೆಕೋಶದ, ಅಂದರೆ ಹೋಮ್ ಫೋಲ್ಡರಿನ, ಮಳೆ ಕಡತಕ್ಕೆ ತಾರೀಖು ಸೇರುತ್ತದೆ. ಕೀಲಿಗೆ ಕಟ್ಟಿದರೆ ಸೇರುವುದಿಲ್ಲ. ಏಕೆಂದರೆ ಬಾಣದ ಗುರುತಿಗೆ ‘ಕಡತಕ್ಕೆ ಸೇರಿಸು’ ಎಂದೂ, ಅಲೆಗೆರೆಗೆ ‘ಈ ಬಳಕೆದಾರರ ಮನೆಕೋಶ’ ಎಂದೂ ಅರ್ಥ ಕೊಡುವುದು ಡೇಟ್ ಕಮಾಂಡಲ್ಲ. ಟರ್ಮಿನಲ್ ಒಳಗೆ ಕುಳಿತ ಬ್ಯಾಶ್ ಎಂಬ ಶೆಲ್ ಆ ಕೆಲಸ ಮಾಡುತ್ತದೆ. ಉಬುಂಟುವಿನ ಡೆಸ್ಕ್‌ಟಾಪಾದ ಗ್ನೋಮ್‌ನಲ್ಲಿ ಶಾರ್ಟ್‌ಕಟ್ಟನ್ನು ನಡೆಸುವ ಹಿನ್ನೆಲೆಯ ಸೇವೆ, ಗ್ನೋಮ್ ಸೆಟ್ಟಿಂಗ್ಸ್ ಡೀಮನ್, ಶೆಲ್ಲನ್ನು ಕರೆಯುವುದೇ ಇಲ್ಲ. ಸಾಲನ್ನು ಖಾಲಿ ಜಾಗ ಇರುವಲ್ಲಿ ತುಂಡರಿಸಿ, ಮೊದಲ ತುಂಡನ್ನು ಕಾರ್ಯಕ್ರಮವೆಂದು ಬಗೆದು, ಉಳಿದ ತುಂಡುಗಳನ್ನು ಹಾಗೆಯೇ ಅದರ ಕೈಗೆ ಹಾಕುತ್ತದೆ. ಬಾಣವೂ ಅಲೆಗೆರೆಯೂ ಬಿಡಿ ಅಕ್ಷರಗಳಾಗಿ ಡೇಟಿಗೆ ತಲಪುತ್ತವೆ. ಡೇಟ್ ಇದು ಹೆಚ್ಚಿನ ಮಾತು ಎಂದು ದೂರಿ ನಿಲ್ಲುತ್ತದೆ. ಆ ದೂರು ನಮಗೆ ಕಾಣುವ ಕಿಟಕಿ ಯಾವುದೂ ತೆರೆದಿರುವುದಿಲ್ಲ.

ತೋಟದ ಹಳೆಯ ರೈಟರಿಗೆ ‘ಮೇಲಿನ ತೋಟದ ಲೆಕ್ಕ ಹಿಂದಿನ ಪುಸ್ತಕಕ್ಕೇ ಹಾಕಿ’ ಎಂದರೆ ಸಾಕು, ಯಾವ ತೋಟ, ಯಾವ ಪುಸ್ತಕ ಎಂದು ಅವರಿಗೆ ಗೊತ್ತು. ನಿನ್ನೆ ಬಂದು ಸೇರಿದವರಿಗೆ ಸರ್ವೆ ನಂಬರಿನಿಂದ ಹಿಡಿದು ಕಪಾಟಿನ ಅರೆಯವರೆಗೆ ಹೇಳಬೇಕು. ಟರ್ಮಿನಲ್ಲಿನ ಬ್ಯಾಶ್ ಆ ಹಳೆಯ ರೈಟರು, ಕೀಲಿಯ ಹಿಂದಿರುವ ಸೇವೆ ಹೊಸಬರು. ಲಿನಕ್ಸ್ ಮಿಂಟಿನ ಸಿನ್ನಮನ್ ಡೆಸ್ಕ್‌ಟಾಪ್ ಇರಲಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರಲಿ, ಈ ವಿಷಯದಲ್ಲಿ ಬಹುತೇಕ ಹೀಗೆಯೇ.

ಪರಿಹಾರ ಸುಲಭ. ಹೊಸಬರಿಗೆ ಬ್ಯಾಶನ್ನೇ ಕರೆಯಲು ಹೇಳಿಬಿಡುವುದು. ಬ್ಯಾಶ್, ಖಾಲಿ ಜಾಗ, ಮೈನಸ್ ಸಿ, ಖಾಲಿ ಜಾಗ, ಆಮೇಲೆ ನಿಮ್ಮ ಇಡೀ ಕಮಾಂಡು ಒಂಟಿ ಉದ್ಧರಣ ಚಿಹ್ನೆಗಳ ನಡುವೆ. ಇಷ್ಟು ಮಾಡಿದರೆ ಬಾಣ, ಅಲೆಗೆರೆ, ಡಾಲರ್ ಗುರುತಿನ ಹೆಸರುಗಳು, ಒಂದರ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಗೆರೆ, ಎರಡು ಕಮಾಂಡುಗಳನ್ನು ಬೆಸೆಯುವ ಜೋಡಿ ಆಂಪರ್‌ಸ್ಯಾಂಡ್ ಎಲ್ಲವೂ ಟರ್ಮಿನಲ್‌ನಲ್ಲಿ ಕೊಟ್ಟ ಅರ್ಥವನ್ನೇ ಕೊಡುತ್ತವೆ. ಉದ್ಧರಣ ಚಿಹ್ನೆಯ ಬಗ್ಗೆ ಒಂದು ಎಚ್ಚರಿಕೆ. ವಾಟ್ಸ್‌ಆಪ್‌ನಲ್ಲಿ ಬಂದ ಅಥವಾ ವರ್ಡ್ ಪ್ರೊಸೆಸರಿನಲ್ಲಿ ಬರೆದಿಟ್ಟ ಕಮಾಂಡನ್ನು ನಕಲು ಮಾಡಿದರೆ ಚಿಹ್ನೆಗಳು ಬಾಗಿದ ರೂಪಕ್ಕೆ ತಿರುಗಿರಬಹುದು, ಎರಡು ಮೈನಸ್ ಗುರುತು ಸೇರಿ ಒಂದು ಉದ್ದ ಗೆರೆಯಾಗಿರಬಹುದು. ಕಣ್ಣಿಗೆ ಎರಡೂ ಒಂದೇ, ಬ್ಯಾಶಿಗೆ ಮಾತ್ರ ಬೇರೆ ಬೇರೆ. ಆ ಗುರುತುಗಳನ್ನು ಕೈಯಲ್ಲೇ ಹೊಡೆಯುವುದು ಕ್ಷೇಮ.

ಬ್ಯಾಶ್ ಕರೆದರೂ ಎಲ್ಲ ಮುಗಿಯಿತು ಎನ್ನುವಂತಿಲ್ಲ. ಟರ್ಮಿನಲ್ ತೆರೆದಾಗ ಬ್ಯಾಶ್ ನಿಮ್ಮ ಮನೆಕೋಶದ ಬ್ಯಾಶ್‌ಆರ್‌ಸಿ ಎಂಬ ಕಡತವನ್ನು ಓದಿಕೊಳ್ಳುತ್ತದೆ. ನೀವು ಕಟ್ಟಿಕೊಂಡ ಅಡ್ಡಹೆಸರುಗಳು, ಅಂದರೆ ಏಲಿಯಾಸ್‌ಗಳು, ಕಾರ್ಯಕ್ರಮಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಾತ್ ಪಟ್ಟಿಗೆ ಸೇರಿಸಿದ ಕೋಶಗಳು ಅಲ್ಲಿರುತ್ತವೆ. ಕೀಲಿಯಿಂದ ಓಡಿದಾಗ ಆ ಕಡತವನ್ನು ಯಾರೂ ಓದುವುದಿಲ್ಲ. ಅದಕ್ಕೇ ಅಡ್ಡಹೆಸರು ನಂಬಬೇಡಿ, ಕಾರ್ಯಕ್ರಮದ ಪೂರ್ಣ ವಿಳಾಸ ಕೊಡಿ. ಟರ್ಮಿನಲ್‌ನಲ್ಲಿ ‘ಟೈಪ್’ ಎಂದು ಹೊಡೆದು ಮುಂದೆ ಕಾರ್ಯಕ್ರಮದ ಹೆಸರು ಕೊಟ್ಟರೆ ಅದು ಅಡ್ಡಹೆಸರೋ ನಿಜವಾದ ಕಡತವೋ, ಕಡತವಾದರೆ ಎಲ್ಲಿದೆಯೋ ಎಲ್ಲ ಹೇಳುತ್ತದೆ. ಇನ್ನೊಂದು: ನೀವು ಲೋಕಲ್ ಬಿನ್ ಎಂಬ ಕೋಶವನ್ನು ಇವತ್ತೇ ಹೊಸದಾಗಿ ಮಾಡಿ ಅದರಲ್ಲಿ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಬರೆದಿಟ್ಟ ಕಡತ, ಇಟ್ಟಿದ್ದರೆ, ಉಬುಂಟು ಅದನ್ನು ಪಾತ್ ಪಟ್ಟಿಗೆ ಸೇರಿಸುವುದು ಮುಂದಿನ ಸಲ ಲಾಗಿನ್ ಆದಾಗ. ಹೊರಹೋಗಿ ಒಳಬಂದ ಮೇಲೆ ನೋಡಿ.

ಎರಡು ಸಾಲಿಗಿಂತ ದೊಡ್ಡದಾದ ಯಾವ ಕೆಲಸವನ್ನೂ ಶಾರ್ಟ್‌ಕಟ್ಟಿನ ಖಾನೆಯಲ್ಲಿ ತುರುಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಒಂದು ಸ್ಕ್ರಿಪ್ಟ್ ಕಡತವಾಗಿ ಬರೆದು, ಖಾನೆಯಲ್ಲಿ ಆ ಕಡತದ ಪೂರ್ಣ ವಿಳಾಸ ಮಾತ್ರ ಕೊಡಿ. ಮಳೆಯ ಸ್ಕ್ರಿಪ್ಟಿಗೆ ಝೆನಿಟಿ ಎಂಬ ಕಾರ್ಯಕ್ರಮ ಒದಗುತ್ತದೆ. ಜೆಡ್ ಇ ಎನ್ ಐ ಟಿ ವೈ. ಮೈನಸ್ ಮೈನಸ್ ಎಂಟ್ರಿ ಎಂದರೆ ಅದು ಅಂಕಿ ಬರೆಯುವ ಪೆಟ್ಟಿಗೆ ತೆರೆಯುತ್ತದೆ, ಪ್ರಶ್ನೆಯನ್ನು ಕನ್ನಡದಲ್ಲೇ ಬರೆದುಕೊಡಬಹುದು. ಯಾರಾದರೂ ಏನೂ ಬರೆಯದೆ ಪೆಟ್ಟಿಗೆ ಮುಚ್ಚಿದರೆ ಖಾಲಿ ಸಾಲು ಕಡತಕ್ಕೆ ಹೋಗದಂತೆ ಸ್ಕ್ರಿಪ್ಟಿನಲ್ಲಿ ಒಂದು ತಪಾಸಣೆ ಇಡಿ. 25.4ರಿಂದ ಗುಣಿಸಿ ಮಿಲಿಮೀಟರನ್ನೂ ಪಕ್ಕದಲ್ಲೇ ಬರೆಯಿಸಬಹುದು. ಒಂದು ಇಂಚು 40 ಸೆಂಟ್ಸು ಅಂದರೆ 35.56 ಮಿಲಿಮೀಟರ್. ಹವಾಮಾನ ಇಲಾಖೆಯ ಅಂಕಿಯೊಡನೆ ಹೋಲಿಸುವಾಗ ಇದು ಕೆಲಸಕ್ಕೆ ಬರುತ್ತದೆ.

ಸ್ಕ್ರಿಪ್ಟಿನ ಮೊದಲ ಸಾಲು ಹ್ಯಾಷ್, ಆಶ್ಚರ್ಯಸೂಚಕ ಚಿಹ್ನೆ, ಸ್ಲ್ಯಾಷ್ ಬಿನ್ ಸ್ಲ್ಯಾಷ್ ಬ್ಯಾಶ್ ಎಂದಿರಲಿ. ಆಮೇಲೆ ಆ ಕಡತಕ್ಕೆ ಓಡುವ ಅನುಮತಿ ಕೊಡಬೇಕು: ಸಿಎಚ್‌ಮಾಡ್, ಪ್ಲಸ್ ಎಕ್ಸ್, ಕಡತದ ಹೆಸರು. ಇಲ್ಲೊಂದು ವಿಚಿತ್ರ ಕಾಣುತ್ತದೆ. ಟರ್ಮಿನಲ್‌ನಲ್ಲಿ ‘ಬ್ಯಾಶ್’ ಎಂದು ಮೊದಲು ಬರೆದು ಸ್ಕ್ರಿಪ್ಟಿನ ಹೆಸರು ಕೊಟ್ಟಾಗ ಅನುಮತಿ ಇಲ್ಲದಿದ್ದರೂ ಓಡುತ್ತದೆ. ಕೀಲಿಯಿಂದ ನೇರ ಹೆಸರು ಹಿಡಿದು ಕರೆದಾಗ ಓಡುವುದಿಲ್ಲ. ಪರೀಕ್ಷೆ ಮಾಡುವಾಗಲೂ ಖಾನೆಯಲ್ಲಿ ಏನು ಬರೆದಿದ್ದೀರೋ ಅದನ್ನೇ ಟರ್ಮಿನಲ್‌ನಲ್ಲಿ ಹೊಡೆಯಬೇಕು. ಸ್ಕ್ರಿಪ್ಟನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟಿದ್ದರೆ ಅನುಮತಿ ಕೊಟ್ಟರೂ ಉಳಿಯುವುದಿಲ್ಲ, ಏಕೆಂದರೆ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಮಾದರಿಯ ಕಡತ ವ್ಯವಸ್ಥೆಗೆ ಅಂಥ ಅನುಮತಿಯನ್ನು ಬರೆದಿಟ್ಟುಕೊಳ್ಳುವ ಜಾಗವೇ ಇಲ್ಲ. ಮನೆಕೋಶಕ್ಕೆ ನಕಲು ಮಾಡಿಕೊಳ್ಳಿ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದು ತಂದ ಸ್ಕ್ರಿಪ್ಟಾದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಕುಳಿತಿರುತ್ತದೆ. ಆಗ ಯಂತ್ರ ಬ್ಯಾಶ್ ಎಂಬುದಕ್ಕೇ ಆ ಅಕ್ಷರ ಅಂಟಿಸಿಕೊಂಡು ಹುಡುಕಿ, ಅಂಥ ಕಾರ್ಯಕ್ರಮ ಇಲ್ಲ ಎನ್ನುತ್ತದೆ. ಡಾಸ್ ಟು ಯುನಿಕ್ಸ್ ಎಂಬ ಸಣ್ಣ ಕಾರ್ಯಕ್ರಮ ಅದನ್ನು ತೆಗೆದುಹಾಕುತ್ತದೆ. ಕಡತಕ್ಕೆ ಕನ್ನಡದ ಹೆಸರಿಟ್ಟರೆ ಏನೂ ತೊಂದರೆಯಿಲ್ಲ. ‘ಮಳೆ ಲೆಕ್ಕ’ ಎಂದು ನಡುವೆ ಜಾಗ ಬಿಟ್ಟರೆ ಮಾತ್ರ ಅದು ಎರಡು ತುಂಡಾಗುತ್ತದೆ. ‘ಮಳೆಲೆಕ್ಕ’ ಎಂದು ಸೇರಿಸಿ ಬರೆಯಿರಿ.

ಇಷ್ಟಾದರೂ ಓಡದಿದ್ದರೆ ದೂರನ್ನು ಕೇಳಿಸಿಕೊಳ್ಳುವ ಏರ್ಪಾಡು ಮಾಡಿ. ಬ್ಯಾಶ್ ಮೈನಸ್ ಸಿ ಒಳಗೆ ಸ್ಕ್ರಿಪ್ಟಿನ ವಿಳಾಸದ ಮುಂದೆ ಬಾಣದ ಗುರುತು ಹಾಕಿ ಟಿಎಂಪಿ ಕೋಶದ ಒಂದು ಕಡತದ ಹೆಸರು ಕೊಡಿ, ಆಮೇಲೆ 2, ಬಾಣ, ಆಂಪರ್‌ಸ್ಯಾಂಡ್, 1 ಎಂದು ಜಾಗ ಬಿಡದೆ ಬರೆಯಿರಿ. ಸ್ಕ್ರಿಪ್ಟ್ ಹೇಳಿದ್ದೂ, ದೂರಿದ್ದೂ ಎರಡೂ ಆ ಕಡತದಲ್ಲಿ ಬಂದು ಬೀಳುತ್ತವೆ. ಬರೆಯಲು ಬೇಸರವಾದರೆ ಟರ್ಮಿನಲ್ ತೆರೆದು ಜರ್ನಲ್ ಸಿಟಿಎಲ್, ಮೈನಸ್ ಮೈನಸ್ ಯೂಸರ್, ಮೈನಸ್ ಎಫ್ ಎಂದು ಹೊಡೆದು, ಅದನ್ನು ನೋಡುತ್ತಾ ಕೀಲಿ ಒತ್ತಿ. ಕಾರಣ ಇಂಗ್ಲಿಷಿನಲ್ಲಿ ಬರುತ್ತದೆ, ಆದರೆ ಪುಟ್ಟ ವಾಕ್ಯ: ಅನುಮತಿ ಇಲ್ಲ, ಅಂಥ ಕಡತ ಇಲ್ಲ, ಕಮಾಂಡು ಸಿಗಲಿಲ್ಲ. ಬಹುಮಟ್ಟಿಗೆ ಈ ಮೂರರಲ್ಲಿ ಒಂದು. ಹೈಸ್ಕೂಲು ಮಕ್ಕಳು ಓದಿ ಹೇಳಬಲ್ಲರು.

ಇನ್ನು ಕ್ಯಾಲ್ಕುಲೇಟರ್ ತೆರೆಯದವರ ಕಡೆಗೆ ಬರೋಣ. ಜೂನ್, ಜುಲೈನ ಥಂಡಿಯಲ್ಲಿ ನಮ್ಮ ಕಡೆ ಕೀಲಿಮಣೆಗಳು ಬೂಸ್ಟು ಹಿಡಿದು ಕೆಲವು ಕೀಲಿ ಸತ್ತಿರುವುದುಂಟು. ಕೆಲವು ಲ್ಯಾಪ್‌ಟಾಪುಗಳ ಎಫ್ಎನ್ ಕೀಲಿ ಯಂತ್ರದ ಒಳಗೇ ಮುಗಿದುಹೋಗಿ ಲಿನಕ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎಕ್ಸ್ ಇ ವಿ ಎಂಬ ಕಾರ್ಯಕ್ರಮ ತೆರೆದು, ಅದರ ಬಿಳಿ ಕಿಟಕಿಯ ಮೇಲೆ ಕ್ಲಿಕ್ ಮಾಡಿ ಕೀಲಿ ಒತ್ತಿದರೆ ತಲಪಿದ ಕೀಲಿಯ ಹೆಸರು ಟರ್ಮಿನಲ್‌ನಲ್ಲಿ ಮೂಡುತ್ತದೆ. ಕೀಪ್ರೆಸ್ ಎಂಬುದರ ಬದಲು ಫೋಕಸ್‌ಔಟ್ ಎಂದು ಬಂದರೆ ಆ ಕೀಲಿಯನ್ನು ಬೇರೊಂದು ಕಾರ್ಯಕ್ರಮ ಆಗಲೇ ಹಿಡಿದುಕೊಂಡಿದೆ ಎಂದು ತಿಳಿಯಿರಿ. ಮುಂದೆ ಹೇಳಲಿರುವ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಡೆಸ್ಕ್‌ಟಾಪಿನಲ್ಲಿ ಇದೇ ಕೆಲಸಕ್ಕೆ ಡಬ್ಲ್ಯು ಇ ವಿ ಎಂಬುದಿದೆ.

ಕೀಲಿಗಾಗಿ ಜಗಳ ಹೆಚ್ಚು ಆಗುವುದು ಕನ್ನಡ ಬರೆಯುವವರ ಯಂತ್ರದಲ್ಲೇ. ಭಾಷೆ ಬದಲಿಸಲು ನಮಗೆ ಒಂದು ಕೀಲಿ ಬೇಕಷ್ಟೆ. ಗ್ನೋಮಿನಲ್ಲಿ ಅದು ಸೂಪರ್ ಮತ್ತು ಸ್ಪೇಸ್. ಹಳೆಯ ಅಭ್ಯಾಸದಿಂದ ಕೆಲವರು ಕಂಟ್ರೋಲ್ ಸ್ಪೇಸ್ ಮಾಡಿಕೊಳ್ಳುತ್ತಾರೆ, ಆಗ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಇಡೀ ಕಂಬಸಾಲನ್ನು ಆರಿಸುವ ಕೀಲಿ ಹೋಯಿತು. ಕಂಟ್ರೋಲ್ ಶಿಫ್ಟ್ ಯು ಯುನಿಕೋಡ್ ಸಂಕೇತದಿಂದ ಅಕ್ಷರ ಮೂಡಿಸಲು ಮೀಸಲು. ಸೂಪರ್ ಎಲ್ ತೆರೆಗೆ ಬೀಗ ಹಾಕುತ್ತದೆ, ಉಬುಂಟುವಿನಲ್ಲಿ ಕಂಟ್ರೋಲ್ ಆಲ್ಟ್ ಟಿ ಟರ್ಮಿನಲ್ ತೆರೆಯುತ್ತದೆ. ಸೆಟ್ಟಿಂಗ್ಸ್ ತನಗೆ ಗೊತ್ತಿರುವ ಕೀಲಿಗಳ ಬಗ್ಗೆ ಎಚ್ಚರಿಸುತ್ತದೆ, ಬೇರೆ ಕಾರ್ಯಕ್ರಮಗಳ ಒಳಗಿನ ಕೀಲಿಗಳು ಅದಕ್ಕೆ ಗೊತ್ತಿಲ್ಲ. ಜೊತೆಗೆ ಕೆಲವು ಡೆಸ್ಕ್‌ಟಾಪುಗಳಲ್ಲಿ ಕನ್ನಡ ವಿನ್ಯಾಸ ಚಾಲ್ತಿಯಲ್ಲಿರುವಾಗ ಅಕ್ಷರಕೀಲಿಯ ಶಾರ್ಟ್‌ಕಟ್ ನಿಂತುಹೋಗುತ್ತದೆ, ಇಂಗ್ಲಿಷಿಗೆ ಬದಲಿಸಿದೊಡನೆ ಓಡುತ್ತದೆ. ಕೆ ಕೀಲಿ ಆಗ ಯಂತ್ರಕ್ಕೆ ‘ಕ’ ಆಗಿರುತ್ತದೆ. ಎಫ್ ಸಾಲಿನ ಕೀಲಿಗಳಿಗೆ ಈ ಕಾಟವಿಲ್ಲ. ಮಳೆಗೆ ನಾನು ಎಫ್9 ಹೇಳಿದ್ದು ಅದಕ್ಕೇ. ವಿನ್ಯಾಸವನ್ನು ನೇರ ಹಾಕುವ ಬದಲು ಐಬಸ್ ಎಂಬ ಕನ್ನಡ ಬರೆಯಿಸುವ ಸೇವೆಯ ಮೂಲಕ ಬಂದರೂ ಈ ತೊಂದರೆ ಬಹಳ ಕಡಿಮೆ. ಅಲ್ಲಿ ಕೆಳಗಿನ ಇಂಗ್ಲಿಷ್ ಕೀಲಿಮಣೆ ಹಾಗೇ ಉಳಿದು ಕನ್ನಡ ಅದರ ಮೇಲೆ ಕೂರುತ್ತದೆ.

ವಿನ್ಯಾಸದ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಲಿನಕ್ಸಿನ ಕೀಲಿಮಣೆ ಪಟ್ಟಿ ತೆರೆದು ನೋಡಿ. ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸವಿದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಕಿನ್ನಿಕಂಬಳ ಪದ್ಮನಾಭ ರಾಯರು, ನಾವೆಲ್ಲ ಕೆ.ಪಿ. ರಾವ್ ಎನ್ನುವವರು, ರೂಪಿಸಿದ ವಿನ್ಯಾಸವನ್ನೇ ಪರಿಷತ್ತಿನ ನುಡಿ ತಂತ್ರಾಂಶ ಮನೆಮನೆಗೆ ಮುಟ್ಟಿಸಿತು. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳ ಕೆಳಗೂ ‘ಕಗಪ’ ಇದೆ. ಕನ್ನಡದಲ್ಲಿ ಹುಟ್ಟಿದ ಯೋಚನೆ ನಾಲ್ಕು ಭಾಷೆಯವರ ಕೈಗೆ ಹೋಗಿದೆ. ಪಕ್ಕದ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಹಂಬಲಿಸಿದರು ಎಂಬುದನ್ನು ಈ ಕಡೆಯವರು ಬಲ್ಲರು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂದಾಗಿರುವುದು, ಶಾಲೆಗಳಿಗೆ ಲಿನಕ್ಸನ್ನೇ ಕೊಟ್ಟಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದಿ ಲಿನಕ್ಸ್ ಯಂತ್ರದಲ್ಲಿ ಮಾಡುತ್ತಾರೆ. ಅವರಿಗೆ ಇದು ಹೊಸದೂ ಅಲ್ಲ, ಕಷ್ಟದ್ದೂ ಅಲ್ಲ. ನಮ್ಮ ಮಕ್ಕಳಿಗೂ ಅಷ್ಟೇ ಸಲೀಸಾಗಬೇಕು ಎಂಬುದು ನನ್ನ ಆಸೆ.

ಹಿಂದೆ ಓಡುತ್ತಿದ್ದ ಶಾರ್ಟ್‌ಕಟ್ ಉಬುಂಟು ಹೊಸ ಆವೃತ್ತಿಗೆ ಏರಿದ ಮೇಲೆ ನಿಂತಿದ್ದರೆ ವೇಲ್ಯಾಂಡನ್ನು ವಿಚಾರಿಸಿ. ಟರ್ಮಿನಲ್‌ನಲ್ಲಿ ಎಕೋ, ಡಾಲರ್, ಎಕ್ಸ್‌ಡಿಜಿ ಸೆಷನ್ ಟೈಪ್ ಎಂದು, ಪದಗಳ ನಡುವೆ ಅಡಿಗೆರೆಯಿಟ್ಟು ದೊಡ್ಡಕ್ಷರದಲ್ಲಿ ಹೊಡೆದರೆ ಎಕ್ಸ್11 ಅಥವಾ ವೇಲ್ಯಾಂಡ್ ಎಂಬ ಉತ್ತರ ಬರುತ್ತದೆ. ಇವೆರಡೂ ತೆರೆಯನ್ನೂ ಕೀಲಿಗಳನ್ನೂ ಕಾರ್ಯಕ್ರಮಗಳಿಗೆ ಜೋಡಿಸುವ ವ್ಯವಸ್ಥೆಗಳು. ಎಕ್ಸ್11 ರೂಪುಗೊಂಡದ್ದು 1987ರಲ್ಲಿ. ಅದರಲ್ಲಿ ಯಾವ ಕಾರ್ಯಕ್ರಮ ಬೇಕಾದರೂ ಇನ್ನೊಂದರ ಕೀಲಿಗಳನ್ನು ಕದ್ದು ಕೇಳಬಹುದಿತ್ತು, ಬ್ಯಾಂಕಿನ ಪಾಸ್‌ವರ್ಡನ್ನು ಕೂಡ. 2008ರಲ್ಲಿ ಶುರುವಾದ ವೇಲ್ಯಾಂಡ್ ಆ ಬಾಗಿಲು ಮುಚ್ಚಿತು. ಜೊತೆಗೆ ಎಕ್ಸ್‌ಡೂಟೂಲ್, ಎಕ್ಸ್‌ಬೈಂಡ್‌ಕೀಸ್ ಮೊದಲಾದ, ನಮ್ಮ ಬದಲು ತಾವೇ ಅಕ್ಷರ ಹೊಡೆಯುವ ಅಥವಾ ಕೀಲಿ ಕಾಯುವ ಹಳೆಯ ಉಪಕರಣಗಳೂ ನಿಂತವು. ಉಬುಂಟು 25.10ರ ಗ್ನೋಮಿನಲ್ಲಿ ವೇಲ್ಯಾಂಡ್ ಒಂದೇ ಉಳಿದಿದೆ. ತೋಟದ ವಿಳಾಸವನ್ನು ಒಂದು ಕೀಲಿಯಿಂದ ಬರೆಯಿಸುತ್ತಿದ್ದವರು ಈಗ ಡಬ್ಲ್ಯುಎಲ್ ಕಾಪಿ ಎಂಬುದರಿಂದ ಅದನ್ನು ಕ್ಲಿಪ್‌ಬೋರ್ಡಿಗೆ ಹಾಕಿಸಿಕೊಂಡು ಕಂಟ್ರೋಲ್ ವಿ ಒತ್ತಬೇಕು. ಒಂದು ಒತ್ತು ಹೆಚ್ಚು, ಆದರೆ ಕನ್ನಡ ಅಕ್ಷರ ಕೆಡದೆ ಬರುತ್ತದೆ. ವೈಡೂಟೂಲ್ ಎಂಬ ಬದಲಿ ಉಪಕರಣವನ್ನು ಕೆಲವರು ಹೇಳುತ್ತಾರೆ. ಅದು ಇಂಗ್ಲಿಷ್ ಕೀಲಿಗಳನ್ನಷ್ಟೇ ಒತ್ತಬಲ್ಲದು, ಕನ್ನಡ ಬರೆಯುವವರಿಗೆ ನಾನು ಹೇಳುವುದಿಲ್ಲ. ಗೌಪ್ಯತೆಗೆ ಕೊಟ್ಟ ಈ ಬೆಲೆ ನ್ಯಾಯವೆಂದೇ ನನ್ನ ಎಣಿಕೆ.

ನೀವು ಮಾಡಿಕೊಂಡ ಶಾರ್ಟ್‌ಕಟ್ಟುಗಳೆಲ್ಲ ಒಟ್ಟಿಗೇ ಸತ್ತು, ಸೂಪರ್ ಕೀಲಿ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿದ್ದರೆ ದೋಷ ಯಾವ ಒಂದು ಕಮಾಂಡಿನದ್ದೂ ಅಲ್ಲ. ಕೀಲಿಗಳನ್ನು ನೋಡಿಕೊಳ್ಳುವ ಹಿನ್ನೆಲೆಯ ಸೇವೆ ಬಿದ್ದಿದೆ. ಲಾಗೌಟ್ ಆಗಿ ಮತ್ತೆ ಬನ್ನಿ.

ಎಲ್ಲ ಸರಿಯಾಗಿ ಓಡತೊಡಗಿದ ದಿನವೇ ಇನ್ನೊಂದು ಕೆಲಸ ಮಾಡಿಡಿ. ಟರ್ಮಿನಲ್‌ನಲ್ಲಿ ಡಿಕಾನ್ಫ್ ಡಂಪ್ ಎಂದು ಹೊಡೆದು, ಮುಂದೆ ಸ್ಲ್ಯಾಷ್ ಆರ್ಗ್, ಸ್ಲ್ಯಾಷ್ ಗ್ನೋಮ್, ಸ್ಲ್ಯಾಷ್ ಸೆಟ್ಟಿಂಗ್ಸ್ ಹೈಫನ್ ಡೀಮನ್, ಸ್ಲ್ಯಾಷ್ ಪ್ಲಗಿನ್ಸ್, ಸ್ಲ್ಯಾಷ್ ಮೀಡಿಯಾ ಹೈಫನ್ ಕೀಸ್, ಕೊನೆಗೆ ಇನ್ನೊಂದು ಸ್ಲ್ಯಾಷ್, ಆಮೇಲೆ ಬಾಣದ ಗುರುತು ಮತ್ತು ಒಂದು ಕಡತದ ಹೆಸರು ಕೊಡಿ. ನಿಮ್ಮ ಶಾರ್ಟ್‌ಕಟ್ಟುಗಳೆಲ್ಲ ಆ ಕಡತಕ್ಕೆ ಇಳಿಯುತ್ತವೆ. ಸ್ಕ್ರಿಪ್ಟುಗಳ ಜೊತೆ ಅದನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಗುಡುಗು ಮಿಂಚಿಗೆ ಯಂತ್ರ ಹೋಗಿ ಹೊಸದು ತಂದರೆ, ಡಂಪ್ ಬದಲು ಲೋಡ್ ಎಂದು ಬರೆದು ಬಾಣವನ್ನು ಎಡಕ್ಕೆ ತಿರುಗಿಸಿ. ಸ್ಕ್ರಿಪ್ಟುಗಳನ್ನು ಮನೆಕೋಶದಲ್ಲಿ ಮೊದಲಿದ್ದ ಜಾಗಕ್ಕೇ ಇಟ್ಟು, ಓಡುವ ಅನುಮತಿಯನ್ನು ಹೊಸದಾಗಿ ಕೊಡುವುದನ್ನು ಮಾತ್ರ ಮರೆಯಬೇಡಿ.